ಜೇನಕ್ಕನ ಹಿಂದೆ ಬಂದವನು

ಮಾರ್ಚ್ 3, ಸೋಮವಾರ, ಸಂಜೆ

ಇನ್ನೂ ಮೂರನೇ ಪಾಠದಲ್ಲೇ ಹೂತುಕೊಂಡಿದ್ದೇವೆ. ಹೈಸ್ಕೂಲಿನ ವಿಜ್ಞಾನ ಪುಸ್ತಕ, ಬ್ರೈಲ್ ಪ್ರೂಫು. ಓದುವವಳು ಅಚ್ಚಿನ ಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು, ನಾನು ಚುಕ್ಕಿಗಳ ಮೇಲೆ ಬೆರಳಾಡಿಸಿ ತಪ್ಪು ಹಿಡಿಯಬೇಕು. ಅವಳ ಕಣ್ಣು, ನನ್ನ ಬೆರಳು. ಪ್ರೆಸ್ಸಿನಲ್ಲಿ ನಮ್ಮಿಬ್ಬರನ್ನೂ ಸೇರಿಸಿ ಒಬ್ಬಳೆಂದೇ ಲೆಕ್ಕ. ಇವತ್ತು ಅವಳಿಗೆ ನೆಗಡಿ. ಸಾಲಿಗೊಂದು ಸೀನು. ಮ್ಯಾನೇಜರ್ ಒಳಗಿನಿಂದಲೇ, “ಸೀನನ್ನೂ ಬ್ರೈಲಿಗೆ ಹಾಕಿಬಿಟ್ಟೀರಾ, ಹುಷಾರು!” ಎಂದು ಕೂಗಿದರು. ಅದಕ್ಕೂ ಒಂದು ಸೀನು.

ಮನೆ. ಇವರು ಬೇಕರಿಯ ಬೆಳಗಿನ ಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದಾರೆ. ನಾನು ಕಂಪ್ಯೂಟರಿನ ಮುಂದೆ. ಒತ್ತಿದ ಅಕ್ಷರವನ್ನೆಲ್ಲ ಜೇನಕ್ಕ, ಕಂಪ್ಯೂಟರಿನ ಹೊಸ ಧ್ವನಿ, ಕಿವಿಯಲ್ಲಿ ಹೇಳುತ್ತಿದ್ದಾಳೆ. ಎಷ್ಟು ಹಿತ! ಪರದೆಯ ಮೇಲೆ ಬಂದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಲ್ಲದಿದ್ದರೆ ಈ ಡಬ್ಬಿಗೂ ಅಡುಗೆಮನೆಯ ಸ್ಟೂಲಿಗೂ ನನ್ನ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ಇಷ್ಟು ವರ್ಷ ಅದಕ್ಕಿದ್ದದ್ದು ತಗಡಪ್ಪನ ಧ್ವನಿ. ತಗಡಿನ ಡಬ್ಬದೊಳಗೆ ಕೂತು ಮೂಗಿನಲ್ಲಿ ಓದಿದ ಹಾಗೆ. ಪ್ರೇಮಪತ್ರವನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಒಂದೇ ರಾಗದಲ್ಲಿ ಓದುತ್ತಿದ್ದ ಪುಣ್ಯಾತ್ಮ.

ಜೇನಕ್ಕ ಹಾಗಲ್ಲ. ಅಲ್ಪವಿರಾಮಕ್ಕೆ ನಿಲ್ಲುತ್ತಾಳೆ. ಪ್ರಶ್ನೆಗೆ ದನಿ ಎತ್ತುತ್ತಾಳೆ. ಮಹಾಪ್ರಾಣವನ್ನು ಗಾಳಿ ಸಮೇತ ಬಿಡುತ್ತಾಳೆ! ಕುರುಡರ ಆನ್‌ಲೈನ್ ಗುಂಪಿನಲ್ಲಿ ಯಾರೋ ಲಿಂಕ್ ಹಾಕಿದ್ದರು — “ಕನ್ನಡದ ಮನುಷ್ಯ ಧ್ವನಿ, ಉಚಿತ.” ಜೊತೆಗೆ ಒಂದು ಸೂಚನೆ: ಹೊಸ ಧ್ವನಿಯಾದ್ದರಿಂದ ಆ್ಯಂಟಿವೈರಸ್ ಕಿರುಚುತ್ತದೆ, ಮೊದಲು ಅದನ್ನು ಆಫ್ ಮಾಡಿಕೊಳ್ಳಿ. ಮಾಡಿದೆ. ಆ ಆ್ಯಂಟಿವೈರಸ್ಸಿನ ಮೇಲೆ ನನಗೆ ಮೊದಲಿಂದಲೂ ಸಿಟ್ಟೇ. ಕಥೆ ಒಳ್ಳೆ ಜಾಗಕ್ಕೆ ಬಂದಾಗಲೇ ಅಡ್ಡ ಬಾಯಿ ಹಾಕಿ “ನಿಮ್ಮ ಪರವಾನಗಿ ಮುಗಿಯಲಿದೆ” ಅನ್ನುತ್ತಿತ್ತು.

ಪೆನ್‌ಡ್ರೈವಿನಲ್ಲಿ ಒಯ್ದು ನಮ್ಮ ಶಾಲೆಯ ಮೇಷ್ಟ್ರಿಗೂ ಹಾಕಿಕೊಟ್ಟು ಬಂದೆ. ಪ್ರೆಸ್ಸಿನ ಹತ್ತಿರದ ಟೆಲಿಫೋನ್ ಆಪರೇಟರಿಗೆ, ಬೆತ್ತದ ಕುರ್ಚಿ ಹೆಣೆಯುವ ಗೆಳತಿಗೆ ಕೂಡ. ಸಿಹಿ ಹಂಚಿದಷ್ಟು ಸಂತೋಷವಾಯಿತು.

ಮಾರ್ಚ್ 6, ಗುರುವಾರ

ಮೇಷ್ಟ್ರ ಫೋನು. “ಏನಮ್ಮಾ, ಈ ಹುಡುಗಿಗೆ ವ್ಯಾಕರಣ ಯಾರು ಕಲಿಸಿದ್ದು? ನಿಂಗಿಂತ ಚೆನ್ನಾಗಿ ಓದ್ತಾಳೆ.”

ಮೇಷ್ಟ್ರಿಂದ ಇದಕ್ಕಿಂತ ದೊಡ್ಡ ಪ್ರಶಂಸೆ ಯಾರಿಗೂ ಸಿಕ್ಕಿಲ್ಲ. ನನ್ನ ಬೆರಳು ಹಿಡಿದು ಬ್ರೈಲ್ ಕಲಿಸಿದವರು ಅವರೇ. ಅವರೂ ಹುಟ್ಟುಕುರುಡರು. ರಿಟೈರಾದರೂ ಮೇಷ್ಟ್ರುಗಿರಿ ಬಿಟ್ಟಿಲ್ಲ. ಊರೂರಿಗೆ ಚದುರಿದ ಹಳೆಯ ಶಿಷ್ಯರಿಗೆಲ್ಲ ಶನಿವಾರ ಶನಿವಾರ ಒಂದು ಮೇಲ್ ಕಳಿಸುತ್ತಾರೆ. “ಕತ್ತೆಗಳಾ,” ಎಂದೇ ಶುರು. ಆ ವಾರ ಯಾರು ಯಾರು ಎಲ್ಲೆಲ್ಲಿ ತಪ್ಪು ಬರೆದರು, ಯಾರಿಗೆ ಕೆಲಸ ಸಿಕ್ಕಿತು, ಯಾರ ಮಗು ನಡೆಯಿತು — ಎಲ್ಲ ಅದರಲ್ಲೇ. ನಾವು ಅದಕ್ಕೆ ಇಟ್ಟ ಹೆಸರು ವಾರದ ಬೈಗುಳ. ಬಾರದಿದ್ದರೆ ಊಟ ಸೇರುವುದಿಲ್ಲ.

ಕಂಪ್ಯೂಟರ್ ಯಾಕೋ ನಿಧಾನ. ಒಳಗಿನ ಫ್ಯಾನು ಸುಮ್ಮನೆ ಕೂತಾಗಲೂ ಏದುಸಿರು ಬಿಡುತ್ತದೆ. ಜೇನಕ್ಕನಿಗೆ ಬಿಕ್ಕಳಿಕೆ ಬೇರೆ. ಓದುತ್ತ ಓದುತ್ತ ತಾನಾಗಿ ನಿಂತು “ವಿಂಡೋ” ಎನ್ನುತ್ತಾಳೆ, ಮತ್ತೆ ಮುಂದಕ್ಕೆ ಹೋಗುತ್ತಾಳೆ. ಹೊಸಬಳು, ರೂಢಿಯಾಗಬೇಕು.

ಮಾರ್ಚ್ 8, ಶನಿವಾರ, ಮಧ್ಯಾಹ್ನ

ಬ್ರೈಲ್ ಸ್ಲೇಟು ಮತ್ತು ಚುಚ್ಚುವ ಮೊಳೆ ಹುಡುಕಿ ತೆಗೆದಿದ್ದೇನೆ. ಇದನ್ನು ದಪ್ಪ ಕಾಗದದ ಮೇಲೆ ಚುಚ್ಚಿ ಬರೆಯುತ್ತಿದ್ದೇನೆ, ಬಲದಿಂದ ಎಡಕ್ಕೆ, ಶಾಲೆಯಲ್ಲಿ ಮಾಡಿದ ಹಾಗೆ. ಚುಕ್ಕಿ ಎಲ್ಲೆಲ್ಲೋ ಬೀಳುತ್ತಿವೆ. ಬೀಳಲಿ.

ಅರ್ಧ ದಿನದ ರಜೆ. ಬಟಾಣಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಲಿಯುತ್ತಿದ್ದೆ. ಕಂಪ್ಯೂಟರ್ ಆನ್ ಇತ್ತು. ಎರಡೂ ಕೈ ಬಟಾಣಿಯಲ್ಲಿ. ಮನೆಯಲ್ಲಿ ಬೇರೆ ಯಾರೂ ಇಲ್ಲ.

ಜೇನಕ್ಕ ಮಾತಾಡಿದಳು. “ಡಿ ಡ್ರೈವ್.”

ಬೆಕ್ಕು ಕೀಬೋರ್ಡಿನ ಮೇಲೆ ಹತ್ತಿತೇ ಎಂದುಕೊಂಡೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

“ಪ್ರೂಫ್ ಕೆಲಸ. ಮನೆ ಫೋಟೋ. ಬ್ಯಾಂಕ್.” ಒಂದೊಂದಾಗಿ, ನಿಧಾನವಾಗಿ. ಮೌಸಿನ ಬಾಣ ಯಾವುದರ ಮೇಲೆ ನಿಂತರೂ ಅದರ ಹೆಸರು ಹೇಳುವುದು ಸ್ಕ್ರೀನ್ ರೀಡರಿನ ಕೆಲಸ. ಆದರೆ ಮೌಸನ್ನು ನಾನು ಮುಟ್ಟುವುದೇ ಇಲ್ಲ. ಅದು ಎಲ್ಲಿದೆ ಎಂದೂ ಗೊತ್ತಿಲ್ಲ. “ಬ್ಯಾಂಕ್, ತೆರೆಯಿತು.” ಸ್ವಲ್ಪ ಹೊತ್ತು ಸುಮ್ಮನೆ. “ಹಿಂದಕ್ಕೆ. ದಿನಚರಿ. ದಿನಚರಿ, ತೆರೆಯಿತು.” ಆಮೇಲೆ ಆ ಸಿಹಿ ಧ್ವನಿಯಲ್ಲಿ, ಅಲ್ಪವಿರಾಮಕ್ಕೆ ನಿಂತು ನಿಂತು — “ಮಾರ್ಚ್ ಮೂರು, ಸೋಮವಾರ, ಸಂಜೆ. ಇನ್ನೂ ಮೂರನೇ ಪಾಠದಲ್ಲೇ ಹೂತುಕೊಂಡಿದ್ದೇವೆ...”

ಎದ್ದೆ. ಬಟಾಣಿ ನೆಲದ ತುಂಬ. ಗೋಡೆ ತಡವಿ ವೈರನ್ನೇ ಕಿತ್ತೆಸೆದೆ.

ಯಾರೋ ನನ್ನ ಕಂಪ್ಯೂಟರಿನೊಳಗೆ ಓಡಾಡುತ್ತಿದ್ದರು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಇದ್ದರು. ಅವನಿಗೆ ಗೊತ್ತಿಲ್ಲದ್ದು ಒಂದೇ. ಅವನು ಇಟ್ಟ ಹೆಜ್ಜೆಯನ್ನೆಲ್ಲ ಜೇನಕ್ಕ ಗಟ್ಟಿಯಾಗಿ ಹೇಳುತ್ತಿದ್ದಳು.

ಹೆದರಿಕೆಯಾಯಿತು. ಈಗ ಹೆದರಿಕೆ ಇಳಿದು ಕೋಪ ಬಂದಿದೆ. ಹೆದರಿಕೆಗಿಂತ ಇದೇ ವಾಸಿ. ಮೊದಲು ಬಟಾಣಿ ಗುಡಿಸುತ್ತೇನೆ. ಆಮೇಲೆ ಇವನನ್ನು.

ಮಾರ್ಚ್ 10, ಸೋಮವಾರ

ಮೂಲೆ ಅಂಗಡಿಯ ರಿಪೇರಿಯವಳು ಬಂದಿದ್ದಳು. ಮಾತು ಜೋರು, ಬಳೆ ಅದಕ್ಕಿಂತ ಜೋರು. ಬಂದವಳೇ ಗಾಬರಿ.

“ಅಕ್ಕಾ, ಮಾನಿಟರ್ ಎಲ್ಲಿ?”

“ಇಲ್ಲ. ಕೆಟ್ಟುಹೋಗಿತ್ತು, ಗುಜರಿಗೆ ಹಾಕಿದ್ವಿ.”

“ಮತ್ತೆ ಪರದೆ ಇಲ್ದೇ...” ಎಂದು ಅಲ್ಲೇ ನಿಂತಳು. ಪಾಪ, ಅವಳೇ ನಾಚಿಕೊಂಡಳು. ನಾನು ನಕ್ಕುಬಿಟ್ಟೆ.

ಅಂಗಡಿಯಿಂದ ಒಂದು ಮಾನಿಟರ್ ಹೊತ್ತು ತಂದಳು. ನೋಡಿ ಲೊಚಗುಟ್ಟಿದಳು. ಟ್ರೋಜನ್ ಅಂತೆ. ಎಲ್ಲ ಬಿಡಿಸಿ ಹೇಳಿದಳು. ವೈರಸ್ಸು ಬಿರುಕು ಹುಡುಕಿ ನುಗ್ಗುತ್ತದೆ. ಇದು ಹಾಗಲ್ಲ. ಇದು ಬಾಗಿಲಲ್ಲಿ ನಿಂತು ಏನನ್ನೋ ಕೊಡುತ್ತದೆ, ಕರೆದವರು ನಾವು. ಕೊಡುವ ವಸ್ತು ನಿಜವಾದದ್ದೇ. ಧ್ವನಿ ನಿಜ. ಎಲ್ಲಿಂದಲೋ ಕದ್ದ ಧ್ವನಿ, ಅದರ ಬೆನ್ನಿಗೆ ಇನ್ನೊಂದನ್ನು ಕಟ್ಟಿದ್ದಾರೆ. ನಾನು ಜೇನಕ್ಕನನ್ನು ಕೂರಿಸಿದ ಗಳಿಗೆಯಲ್ಲೇ ಅದು ಹಿಂದಿನಿಂದ ಇಳಿದು, ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನೂ ಏಳುವ ಹಾಗೆ ಜಾಗ ಮಾಡಿಕೊಂಡಿದೆ. ಆಮೇಲೆ ತನ್ನ ಯಜಮಾನನಿಗೆ ಸುದ್ದಿ ಕಳಿಸಿದೆ — ಇಲ್ಲಿ ಬಾಗಿಲು ತೆಗೆದಿದೆ, ಬಾ. ನಾನು ಒತ್ತಿದ ಪ್ರತಿ ಅಕ್ಷರವನ್ನೂ ಅಂದಿನಿಂದ ಬರೆದಿಟ್ಟುಕೊಂಡಿದೆ. ಪಾಸ್‌ವರ್ಡು, ಪತ್ರ, ಈ ದಿನಚರಿ, ಎಲ್ಲ.

“ಆ ಬಿಕ್ಕಳಿಕೆ?” ಎಂದೆ.

“ಕಪ್ಪು ಕಿಟಕಿ ಒಂದು ಫಕ್ಕಂತ ಬಂದು ಹೋಗತ್ತೆ ಅಕ್ಕಾ. ಕಣ್ಣಿದ್ದೋರು ನೋಡಿದ್ರೂ ಏನೋ ಅಪ್‌ಡೇಟು ಅಂತ ಬಿಟ್ಟುಬಿಡ್ತಾರೆ.”

“ಜೇನಕ್ಕನ್ನ ಇಟ್ಕೊಂಡು ಅವನೊಬ್ಬನ್ನೇ ಓಡಿಸೋಕೆ ಆಗಲ್ವಾ?”

“ನಂಗೆ ಬರಲ್ಲ. ಬರತ್ತೆ ಅನ್ನೋರನ್ನ ನಂಬ್ಬೇಡಿ.”

ಡಿಸ್ಕನ್ನೆಲ್ಲ ಅಳಿಸಿದಳು. ಪತ್ರ ಮತ್ತು ಪ್ರೂಫುಗಳನ್ನು ಮಾತ್ರ ಪರೀಕ್ಷೆ ಮಾಡಿ ಉಳಿಸಿದಳು. ಪಾಸ್‌ವರ್ಡನ್ನೆಲ್ಲ ಅವಳ ಅಂಗಡಿಯ ಮಷಿನ್ನಿನಲ್ಲಿ ಕೂತು ಬದಲಾಯಿಸಿದೆ. ಬ್ಯಾಂಕಿಗೂ ಫೋನ್ ಮಾಡಿಯಾಯಿತು. ಸಾಯಂಕಾಲ ತಗಡಪ್ಪ ಮತ್ತೆ ಬಾಯಿ ಬಿಟ್ಟ. ಮೂಗಿನಲ್ಲಿ “ಸ್ವಾಗತ” ಅಂದ. ಅಳು ಬಂತು. ನಾಚಿಕೆಗೇಡು, ಆದರೆ ಬಂತು. ಕಳ್ಳಿಯಾದರೂ ಅವಳು ಓದುತ್ತಿದ್ದುದು ಅಷ್ಟು ಚೆನ್ನಾಗಿತ್ತು.

ಅಳುತ್ತ ಕೂತರೆ ಆಗದು. ನನ್ನ ಕೈಯಿಂದ ಹೋದದ್ದು ಮೂರು ಮನೆಗೆ. ಮೂರರಿಂದಲೂ ತೆಗೆಸಬೇಕು. ಕಣ್ಣಿದ್ದವರ ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಕಂಪ್ಯೂಟರ್ ಕೆಟ್ಟಿತು, ಅಷ್ಟೆ. ನಮಗೆ ಅದೇ ಪೇಪರು, ಅದೇ ಪೆನ್ನು, ಅದೇ ಅಂಚೆಯವನು.

ಮಾರ್ಚ್ 11, ಮಂಗಳವಾರ

ಆಪರೇಟರ್ ಫೋನಿನಲ್ಲಿ ಹೇಳುತ್ತಿದ್ದ ಹಾಗೇ ವೈರ್ ಕಿತ್ತ. ಬೆತ್ತದವಳು “ಅಯ್ಯೋ ನನ್ನ ಜೇನಕ್ಕ” ಎಂದು ರಾಗ ಎಳೆದಳು, ಆದರೂ ಕಿತ್ತಳು. ರಿಪೇರಿಯವಳು ನಾಳೆ ಇಬ್ಬರ ಮನೆಗೂ ಹೋಗುತ್ತಾಳೆ.

ಮೇಷ್ಟ್ರ ಮನೆಗೆ ಖುದ್ದಾಗಿ ಹೋದೆ. ಬಾಗಿಲ ಹೊರಗೇ ಜೇನಕ್ಕನ ದನಿ. ಯಾವುದೋ ಕಾದಂಬರಿ, ರೋಚಕ ಜಾಗ. ಮೇಷ್ಟ್ರು “ಕೂತ್ಕೋ, ಮುಗೀಲಿ” ಅಂದರು. ಪಾಠ ಮುಗಿಯುವ ತನಕ ಕಾಯುವ ಹುಡುಗಿಯ ಹಾಗೆ ಕೂತೆ. ಅಧ್ಯಾಯ ಮುಗಿದ ಮೇಲೆ ಎಲ್ಲ ಹೇಳಿದೆ.

“ಕಳ್ಳನೋ ಸುಳ್ಳನೋ, ಓದೋದು ಚೆನ್ನಾಗಿ ಓದ್ತಾಳೆ. ನಂ ಹತ್ರ ಕದಿಯೋಕೆ ಏನಿದೆ? ಹಳೇ ಪಾಠದ ಟಿಪ್ಪಣಿ. ತಗೊಂಡು ಹೋಗಿ ಓದ್ಲಿ, ಬುದ್ಧಿ ಬರತ್ತೆ.”

“ಮೇಷ್ಟ್ರೇ, ನಿಮ್ಮ ಹತ್ರ ನಮ್ಮೆಲ್ಲರ ವಿಳಾಸ ಇದೆ. ನಿಮ್ಮ ಹೆಸರಲ್ಲಿ ಅವನು ನಮಗೆಲ್ಲ ಬರೆದ್ರೆ?”

“ನನ್ನ ಹಾಗೆ ಬರೆಯೋಕೆ ಅವನಿಗೆ ವ್ಯಾಕರಣ ಬೇಕಲ್ಲ!”

“ನಿಮ್ಮ ಹಳೇ ಮೇಲನ್ನೇ ಕಾಪಿ ಹೊಡೀತಾನೆ. ಬರೆಯೋದು ಯಾಕೆ?”

“ನೋಡಮ್ಮಾ,” ಎಂದರು. ದನಿ ತಗ್ಗಿತು. “ಕಿವಿ ಮೊದಲಿನ ಹಾಗಿಲ್ಲ. ಆ ತಗಡು ಹೇಳೋದು ನಂಗೆ ಅರ್ಧಕ್ಕರ್ಧ ತಿಳೀತಾನೇ ಇರಲಿಲ್ಲ. ನಿಮಗ್ಯಾರಿಗೂ ಹೇಳಿರಲಿಲ್ಲ. ಓದೋದು ಬಿಟ್ಟುಬಿಟ್ಟಿದ್ದೆ. ಈಗ ಓದ್ತಾ ಇದ್ದೀನಿ. ತೆಗಿ ಅಂತೀಯಾ?”

ಹಾಗಾದರೂ ತೆಗೆಯಲೇಬೇಕು ಎಂದೆ. “ನಾನು ತಪ್ಪು ಮಾಡಿದ್ದು ಯಾವತ್ತಾದ್ರೂ ನೋಡಿದ್ಯಾ?” ಎಂದು ಮಾತು ಮುಗಿಸಿದರು. ಅದಕ್ಕೆ ಉತ್ತರ ಕೊಡುವ ಧೈರ್ಯ ಶಾಲೆಯಲ್ಲೂ ಯಾರಿಗೂ ಇರಲಿಲ್ಲ.

ಮತ್ತೆ ಹೋಗುತ್ತೇನೆ. ದಿನಾ ಹೋಗುತ್ತೇನೆ.

ಮಾರ್ಚ್ 13, ಗುರುವಾರ

ನಿನ್ನೆಯೂ ಹೋದೆ, ಇವತ್ತೂ ಹೋದೆ. ನಿನ್ನೆ ಟೀ ಕೊಟ್ಟರು. ಇವತ್ತು ಅದೂ ಇಲ್ಲ.

ಮಾರ್ಚ್ 14, ಶುಕ್ರವಾರ

ಕೆಲಸದಿಂದ ಬಂದು ಕಂಪ್ಯೂಟರ್ ಹಾಕಿದೆ. “ಸ್ವಾಗತ.”

ಜೇನಕ್ಕ.

ಡಿಸ್ಕ್ ಅಳಿಸಿದರೂ ಬಂತಲ್ಲ, ಇದೇನು ಭೂತವೇ! ಹಿಂದಿನಿಂದ ಇವರ ನಗು. “ಸರ್‌ಪ್ರೈಸ್! ಆ ತಗಡಪ್ಪನ ಕಾಟಕ್ಕೆ ನೀನು ಅತ್ತಿದ್ದು ನೋಡಿದ್ನಲ್ಲ. ಪೆನ್‌ಡ್ರೈವಲ್ಲಿ ಇನ್ನೂ ಇತ್ತು, ತಗಡಪ್ಪ ಓದಿದ್ದನ್ನ ಕೇಳ್ಕೊಂಡು ನಾನೇ ಕೂತು ಹಾಕ್ದೆ. ಅದೇನೋ ಆ್ಯಂಟಿವೈರಸ್ ಅಡ್ಡ ಬಂತು, ಅದನ್ನೂ ಆಫ್ ಮಾಡ್ದೆ ನೋಡು!”

ಪೂರಾ ಖುಷಿಯಲ್ಲಿದ್ದರು. ಮೈಯೆಲ್ಲ ಬ್ರೆಡ್ಡಿನ ವಾಸನೆ.

“ಏನ್ರೀ ನೀವು! ರಿಪೇರಿಯವಳು ಹೇಳಿದ್ದು ಕೇಳಿಸ್ಲಿಲ್ವಾ?”

“ನಾನು ನಿದ್ದೆ ಮಾಡ್ತಿದ್ನಲ್ಲೇ.”

ಹೌದು. ಮಲಗಿದ್ದರು. ಎದ್ದ ಮೇಲೆ ನಾನು ಹೇಳಿದ್ದು “ಕಂಪ್ಯೂಟರ್ ರಿಪೇರಿ ಆಯ್ತು” ಅಂತ ಅಷ್ಟೇ. ಬೈಯಲು ಬಾಯಿ ತೆಗೆದೆ, ನಗು ಬಂತು. ಆಮೇಲೆ ಇಬ್ಬರೂ ಸೇರಿ ವೈರ್ ಕಿತ್ತೆವು. ಪೆನ್‌ಡ್ರೈವನ್ನು ಇವರು ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿದರು, ತಪ್ಪಿಗೆ ದಂಡ ಎಂದು. ರಿಪೇರಿಯವಳು ಮತ್ತೆ ಬರಬೇಕು. ಮುಖ ತೋರಿಸುವುದು ಹೇಗೋ!

ಕಳ್ಳ ಮೊದಲನೇ ಸಲ ನನ್ನ ಆಸೆಯಿಂದ ಬಂದ. ಎರಡನೇ ಸಲ ಇವರ ಪ್ರೀತಿಯಿಂದ. ಇಂಥವನನ್ನು ಬರೀ ಬೀಗ ಹಾಕಿ ತಡೆಯುವುದಕ್ಕಾಗುವುದಿಲ್ಲ, ಮನೆಮನೆಗೆ ಹೋಗಿ ಹೇಳಲೇಬೇಕು.

ಮಾರ್ಚ್ 19, ಬುಧವಾರ

ಬರೆಯದೆ ಐದು ದಿನ. ಪ್ರೂಫು, ಮೇಷ್ಟ್ರು, ಪ್ರೂಫು, ಮೇಷ್ಟ್ರು. ಶನಿವಾರ ಬೈಗುಳದ ಮೇಲ್ ಸರಿಯಾಗೇ ಬಂತು. “ಕೆಲವರು ಅನಾವಶ್ಯಕ ಭಯ ಹುಟ್ಟಿಸುತ್ತಿದ್ದಾರೆ” ಎಂದು ಒಂದು ಸಾಲು. ನನಗೇ. ಇರಲಿ.

ಇವತ್ತು ಮಧ್ಯಾಹ್ನ ಪ್ರೆಸ್ಸಿಗೆ ಫೋನು. ಬೇರೆ ಊರಲ್ಲಿ ಮಸಾಜ್ ಕೆಲಸ ಮಾಡುವ ಹಳೆಯ ಸಹಪಾಠಿ, ಶಾಲೆಯಿಂದ ಅವನ ಹೆಸರು ಗುಂಡ.

“ಮೇಷ್ಟ್ರಿಗೆ ಏನಾಗಿದೆ? ಬುಧವಾರ ಮೇಲ್ ಕಳ್ಸಿದ್ದಾರೆ. ‘ಕತ್ತೆಗಳಾ, ಈ ಧ್ವನಿ ಹಾಕಿಕೊಳ್ಳಿ’ ಅಂತ. ಎಷ್ಟು ಚೆನ್ನಾಗಿದೆ ಅಂತೀಯಾ! ಈಗಷ್ಟೇ ಹಾಕ್ಕೊಂಡೆ.”

ನನ್ನ ಬೆರಳು ಚುಕ್ಕಿಗಳ ಮೇಲೆ ಹಾಗೇ ನಿಂತಿತು. ಆಯಿತು. ನಾನು ಹೇಳಿದ ಹಾಗೇ ಆಯಿತು. ಹೇಳಿದ್ದೆನಲ್ಲ ಎಂಬ ಸಮಾಧಾನ ಒಂದು ಚೂರೂ ಆಗಲಿಲ್ಲ.

ಎಲ್ಲ ಶಿಷ್ಯರಿಗೂ ಹೋಗಿದೆ. ಮೇಷ್ಟ್ರು ಕಳಿಸಿದ್ದು ಎಂದ ಮೇಲೆ ಯಾರು ಎರಡನೇ ಸಲ ಯೋಚನೆ ಮಾಡುತ್ತಾರೆ? ಬ್ರೈಲ್ ಕೊಟ್ಟ ಕೈ ಅದು. ಗುಂಡನಿಗೆ ವೈರ್ ಕೀಳಿಸಿದೆ. ಮ್ಯಾನೇಜರನ್ನು ಕೇಳಿ ಪ್ರೆಸ್ಸಿನ ಫೋನನ್ನೇ ಹಿಡಿದು ಕೂತೆ. ಓದುವವಳು ನಂಬರ್ ಒತ್ತಿದಳು, ನಾನು ಮಾತಾಡಿದೆ. ಸಿಕ್ಕವರಿಗೆಲ್ಲ ಒಂದೇ ಮಾತು — ಇನ್ನು ಮೇಲೆ ಮೇಷ್ಟ್ರ ಹೆಸರಲ್ಲಿ ಏನೇ ಬಂದರೂ ನಂಬಬೇಡಿ. ಅರ್ಧ ಜನ ಸಿಗಲಿಲ್ಲ. ಕೆಲವರು, “ಮೇಷ್ಟ್ರು ತಪ್ಪು ಮಾಡ್ತಾರಾ? ನಿಂಗೇ ಏನೋ ಆಗಿದೆ” ಎಂದರು.

ನನ್ನ ಮಾತಿಂದ ಆಗುವ ಕೆಲಸವಲ್ಲ. ಅವರೇ ಹೇಳಬೇಕು.

ಮಾರ್ಚ್ 20, ಗುರುವಾರ

ರಜೆ ಹಾಕಿದೆ. ಮೇಷ್ಟ್ರ ಮನೆಗೆ ಹೋದಾಗ ಜೇನಕ್ಕ ಇನ್ನೂ ಓದುತ್ತಲೇ ಇದ್ದಳು. ಈ ಸಲ ಅಧ್ಯಾಯ ಮುಗಿಯಲಿ ಎಂದು ಕಾಯಲಿಲ್ಲ. ಗೋಡೆ ಹಿಡಿದು ಹೋಗಿ ವೈರ್ ಕಿತ್ತೆ. ಮೇಷ್ಟ್ರ ಮನೆಯಲ್ಲಿ ಅವರ ಅಪ್ಪಣೆ ಇಲ್ಲದೆ ಒಂದು ಲೋಟವನ್ನೂ ಎತ್ತಿದವಳಲ್ಲ ನಾನು.

ಮನೆಯೆಲ್ಲ ಗಪ್‌ಚಿಪ್.

“ಏನಮ್ಮಾ ಇದು?” ಎಂದರು. ಕೋಪಕ್ಕಿಂತ ಆಶ್ಚರ್ಯ.

ಹೇಳಿದೆ. ಬುಧವಾರದ ಮೇಲು, “ಕತ್ತೆಗಳಾ,” ಗುಂಡ, ಉಳಿದವರು. ಅವರ ಶನಿವಾರದ ಮೇಲಿನ ತಲೆಯನ್ನೇ ಕತ್ತರಿಸಿ ಇದಕ್ಕೆ ಅಂಟಿಸಿದ್ದರು. ಕೊನೆಯಲ್ಲಿ ಅವರ ಸಹಿ. ಮೇಷ್ಟ್ರು ಕುರ್ಚಿಯ ಕೈಯನ್ನು ಬೆರಳಿಂದ ತಟ್ಟುತ್ತಿದ್ದರು. ಯೋಚನೆ ಮಾಡುವಾಗ ಅವರ ಅಭ್ಯಾಸ.

“ನಂಬರೆಲ್ಲ ಇದೆಯಾ?” ಎಂದೆ.

“ನಂಬರ್ ಬರೆದಿಟ್ಟುಕೊಳ್ಳೋದು ನೀವುಗಳು. ನಂಗೆ ಬಾಯಲ್ಲಿದೆ. ಫೋನ್ ತಾ.”

ಮೊದಲು ವೀಣೆ ಶ್ರುತಿ ಮಾಡುವವನಿಗೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, “ನಾನಪ್ಪಾ, ಮೇಷ್ಟ್ರು. ಆ ಧ್ವನಿ ಹಾಕ್ಕೋಬೇಡ. ನಂದು ತಪ್ಪಾಯ್ತು” ಎಂದರು.

ಅತ್ತ ಕಡೆಯ ಮಾತು ನನಗೂ ಕೇಳಿಸಿತು. “ಯಾರ್ರೀ ನೀವು? ನಮ್ಮ ಮೇಷ್ಟ್ರು ಪ್ರಾಣ ಹೋದ್ರೂ ಆ ಮಾತು ಆಡೋರಲ್ಲ. ಅವರ ಹೆಸರಲ್ಲಿ ಏನೇನೋ ಬರತ್ತೆ ಅಂತ ನಿನ್ನೇನೇ ಹೇಳಿದ್ದಾರೆ ನಮಗೆ. ಮೇಲ್ ಆಯ್ತು, ಈಗ ಫೋನಲ್ಲೂ ಶುರು ಮಾಡಿದ್ರಾ? ನಾಚಿಕೆ ಆಗಲ್ವಾ?” ಫೋನ್ ಕುಕ್ಕಿದ.

ಎರಡನೆಯವಳು ಮಾತನ್ನು ಪೂರ್ತಿ ಕೇಳಿ, ಪೊಲೀಸರಿಗೆ ಹೇಳುತ್ತೇನೆ ಎಂದಳು.

ನನಗೆ ನಗಲೂ ಆಗದು, ತಡೆಯಲೂ ಆಗದು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮೇಷ್ಟ್ರಿಗೆ ಗೊತ್ತಾಯಿತು. ಮೂರನೇ ನಂಬರ್ ಹತ್ತಿದ ಕೂಡಲೇ ಗುಡುಗಿದರು. “ಲೋ ಎಮ್ಮೇ! ಶ-ಷ ತಿಳೀದೇ ಬೆಳೆದ ಎಮ್ಮೇ! ಮೊದಲು ಎದ್ದು ಆ ಕಂಪ್ಯೂಟರ್ ವೈರ್ ಕಿತ್ತು ಹಾಕು. ಹಾಕಿ ಬಂದು ಮಾತಾಡು!”

ಅತ್ತ ಕಡೆಯಿಂದ ಸಂತೋಷದ ಕೂಗು. “ಅಯ್ಯೋ ಮೇಷ್ಟ್ರೇ, ನೀವೇನಾ! ಕಿತ್ತೆ, ಕಿತ್ತೆ!”

ಆಮೇಲೆ ದಾರಿ ಸುಗಮ. ಪ್ರತಿಯೊಬ್ಬರಿಗೂ ಮೊದಲು ಅವರವರ ಪಾಲಿನ ಬೈಗುಳ, ವೈರ್ ಕಿತ್ತ ಶಬ್ದ ಕೇಳಿದ ಮೇಲೆ ವಿಷಯ, ಕೊನೆಯಲ್ಲಿ ಬೇಗಬೇಗ, ನುಂಗಿಕೊಂಡು, “ನಂದೇ ತಪ್ಪು, ಇವಳು ಮೊದಲೇ ಹೇಳಿದ್ಲು.” ಮೊದಲಿಬ್ಬರಿಗೂ ತಿರುಗಿ ಮಾಡಿ ಬೈದರು. ಪೊಲೀಸರಿಗೆ ಹೇಳುತ್ತೇನೆ ಎಂದವಳಿಗೆ ಎರಡು ಮಾತು ಹೆಚ್ಚಿಗೆ. ಊಟದ ಹೊತ್ತು ಮೀರಿತು. ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೈಗೆ ಕೊಟ್ಟೆ, ಒಂದು ಕೈಯಲ್ಲಿ ತಿನ್ನುತ್ತಲೇ ಬೈದರು. ಸಂಜೆಗೆ ಗಂಟಲು ಕೂತುಹೋಯಿತು.

ಹೊರಟಾಗ, “ಇನ್ನು ಓದೋದು ಹೇಗಮ್ಮಾ?” ಎಂದರು. ಉತ್ತರ ತಮಗೇ ಗೊತ್ತಿಲ್ಲದೆ ಮೇಷ್ಟ್ರು ನನ್ನನ್ನು ಕೇಳಿದ ಮೊದಲನೇ ಪ್ರಶ್ನೆ ಇದು. ತಗಡಪ್ಪನ ವೇಗ ತಗ್ಗಿಸಿ, ದಪ್ಪ ಇಯರ್‌ಫೋನ್ ಹಾಕಿ ನೋಡೋಣ, ಆಗದಿದ್ದರೆ ಬ್ರೈಲ್ ಇದ್ದೇ ಇದೆ, ಪ್ರೆಸ್ಸಿನಿಂದ ತರುತ್ತೇನೆ ಎಂದೆ. “ಬೆರಳೂ ಮರಗಟ್ಟಿದೆ” ಎಂದರು. ಹಾಗಾದರೆ ದುಡ್ಡು ಕೊಟ್ಟು ಕೊಳ್ಳುವ ಒಳ್ಳೆಯ ಧ್ವನಿ ಇದೆಯಾ ವಿಚಾರಿಸುತ್ತೇನೆ, ಅಲ್ಲಿಯವರೆಗೆ ಸಂಜೆ ನಾನೇ ಬಂದು ಓದುತ್ತೇನೆ ಎಂದೆ. “ನಿನ್ನ ಮಹಾಪ್ರಾಣ ಸರಿಯಿಲ್ಲ” ಎಂದರು. ಬೇಡ ಅನ್ನಲಿಲ್ಲ.

ಮಾರ್ಚ್ 22, ಶನಿವಾರ

ಬೈಗುಳದ ಮೇಲ್ ಇಲ್ಲ. ಶನಿವಾರ ಖಾಲಿ ಖಾಲಿ.

ರಿಪೇರಿಯವಳು ಈ ಊರಿನವರದ್ದೆಲ್ಲ ಮುಗಿಸಿದಳು. ಪ್ರತಿ ಮನೆಯಲ್ಲೂ “ಮಾನಿಟರ್ ಎಲ್ಲಿ?” ಎಂದು ಕೇಳಿ ಕೇಳಿ ಈಗ ತಾನೇ ಒಂದನ್ನು ಆಟೋದಲ್ಲಿ ಹಾಕಿಕೊಂಡು ಓಡಾಡುತ್ತಿದ್ದಾಳೆ. ಬೇರೆ ಊರಿನವರೂ ಒಬ್ಬೊಬ್ಬರಾಗಿ ಫೋನ್ ಮಾಡಿ ಅಳಿಸಿದೆವು ಅನ್ನುತ್ತಿದ್ದಾರೆ. ಹೋದದ್ದೆಲ್ಲ ಹಿಡಿತಕ್ಕೆ ಬರುತ್ತಿದೆ.

ಒಬ್ಬನನ್ನು ಬಿಟ್ಟು. ವಕೀಲ.

ನಮ್ಮ ಶಾಲೆಯಿಂದ ಕೋಟು ಹಾಕಿದವನು ಅವನೊಬ್ಬನೇ. ಮೇಷ್ಟ್ರು ಅವನ ಬಗ್ಗೆ ಮಾತಾಡುವಾಗ ಮಾತ್ರ “ಕತ್ತೆ” ಅನ್ನುವುದಿಲ್ಲ. ಮೇಲ್ ಬಂದ ದಿನವೇ ಹಾಕಿಕೊಂಡಿದ್ದಾನೆ. ನಾವು ಫೋನ್ ಮಾಡುವಷ್ಟರಲ್ಲಿ ತಡವಾಗಿತ್ತು. ಕಳ್ಳ ಅವನ ಮೇಲ್ ಪೆಟ್ಟಿಗೆಯ ಪಾಸ್‌ವರ್ಡ್ ಬದಲಾಯಿಸಿ ಅವನನ್ನೇ ಹೊರಗೆ ಹಾಕಿದ್ದಾನೆ. ನಂಬಿ ಬಂದವರ ಗುಟ್ಟಿನ ಕಾಗದಗಳೆಲ್ಲ ಅದರಲ್ಲಿವೆ. ಅವನ ಹೆಂಡತಿ ಪ್ರೆಸ್ಸಿಗೆ ಫೋನ್ ಮಾಡಿ ಹೇಳಿದಳು. ಅವನು ಯಾರ ಫೋನನ್ನೂ ಎತ್ತುತ್ತಿಲ್ಲ, ಕೋಣೆಗೆ ಚಿಲಕ ಹಾಕಿಕೊಂಡು ಆ ಕಂಪ್ಯೂಟರಿನ ಮುಂದೆಯೇ ಕೂತು ತಾನೇ ಸರಿಮಾಡುತ್ತೇನೆ ಅನ್ನುತ್ತಿದ್ದಾನೆ. ವೈರ್ ಕೀಳಲು ಬಿಡುವುದಿಲ್ಲ. “ಯಾರನ್ನೂ ನಂಬಲ್ಲ ಅಂತಾರೆ ಅಕ್ಕಾ. ನನ್ನನ್ನೂ.”

ಅವಳು ಹೇಳುತ್ತಿರುವಾಗಲೇ ಪ್ರೆಸ್ಸಿನ ಕಂಪ್ಯೂಟರಿಗೆ ಒಂದು ಮೇಲು. ವಕೀಲನ ಹೆಸರಿನಲ್ಲಿ. ನೋಟೀಸು, ತೆರೆದು ನೋಡಿ, ತುರ್ತು. ತೆರೆಯದೆ ಅಳಿಸಿದೆ. ಇನ್ನು ಅವನ ಕಕ್ಷಿದಾರರಿಗೆ, ಅವರಿಂದ ಅವರ ಮನೆಯವರಿಗೆ...

ಮೇಷ್ಟ್ರಿಗೆ ಹೇಳಿದೆ. ಬೈಯಲಿಲ್ಲ. ಫೋನ್ ಇಟ್ಟುಬಿಟ್ಟರು. ಅವರಿಗೆ ಆ ಧ್ವನಿ ಕೊಟ್ಟ ಕೈ ನನ್ನದೇ.

ಆಮೇಲೆ ಅವರೇ ಫೋನ್ ಮಾಡಿದರು. “ಅವನ ಊರಿಗೆ ಬಸ್ ಎಷ್ಟೊತ್ತಿಗೆ?”

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ತಯಾರಾದೆ. ಚೀಲದಲ್ಲಿ ರಿಪೇರಿಯವಳು ಕೊಟ್ಟ ಡಿಸ್ಕು, ಇವರು ಕಟ್ಟಿಕೊಟ್ಟ ಬನ್ನು. ಅವಳು ಮಾನಿಟರ್ ಸಮೇತ ಬಸ್ ಸ್ಟ್ಯಾಂಡಿಗೆ ಬರುತ್ತಾಳೆ. ವಕೀಲನ ಹೆಂಡತಿಗೆ ಹೇಳಿಯಾಗಿದೆ. ಚಿಲಕ ತೆಗೆಯದಿದ್ದರೆ ಬಾಗಿಲ ಹೊರಗೇ ಕೂರುವುದು. ತೆಗೆಯುವವರೆಗೂ ಕೂರುವುದು. ನಾನು ಅದರಲ್ಲಿ ಗಟ್ಟಿ.

ಮೇಷ್ಟ್ರು ಆಗಲೇ ಬಂದಿದ್ದಾರೆ. ರಿಟೈರಾದ ಮೇಲೆ ತಮ್ಮ ಬೀದಿ ದಾಟಿ ಬಂದದ್ದು ಇದೇ ಮೊದಲು. ಒಳಗೆ ಕರೆದೆ, ಬರಲಿಲ್ಲ. “ನೀನು ಬರೆಯೋದು ಮುಗಿಸು, ನಾನು ಇಲ್ಲೇ ಇರ್ತೀನಿ” ಎಂದು ಮೆಟ್ಟಿಲ ಮೇಲೆ ನಿಂತಿದ್ದಾರೆ. ಇವರು ಕುರ್ಚಿ ಒಯ್ದರೂ ಕೂತಿಲ್ಲ.

ಬಾಗಿಲು ಸ್ವಲ್ಪ ತೆರೆದಿದೆ. ಅವರಿಗೆ ಗೊತ್ತಿಲ್ಲ. ಮೇಷ್ಟ್ರು ತಮ್ಮಷ್ಟಕ್ಕೆ ತಾವೇ ಮಾತಾಡುತ್ತಿದ್ದಾರೆ. ಮೊದಲು ಯಾರೊಂದಿಗೋ ಅಂದುಕೊಂಡೆ. ಅಲ್ಲ. ಪಾಠ ಒಪ್ಪಿಸುವ ಹುಡುಗರ ಹಾಗೆ. “ನಂದೇ ತಪ್ಪು ಕಣಪ್ಪಾ.” ಗಂಟಲು ಸರಿಮಾಡಿಕೊಂಡರು. “ತಪ್ಪು ನಂದು. ನಿಂದಲ್ಲ.” ಬೈಗುಳದ ಹಾಗೆ ಕೇಳಿಸಿತು. ಅವರಿಗೂ ಹಾಗೇ ಅನಿಸಿರಬೇಕು, ಕೋಲನ್ನು ನೆಲಕ್ಕೆ ಕುಟ್ಟಿದರು.

ಮತ್ತೆ ಶುರು ಮಾಡಿದರು. ಈ ಸಲ ದನಿ ಸ್ವಲ್ಪ ಮೆತ್ತಗೆ, “ನೀನು ಬಾಗಿಲು ತೆಗಿಯೋ ಮಗಾ, ನಾನು ಇಲ್ಲೇ ಇರ್ತೀನಿ.” ಕೋಲು ಕುಟ್ಟಲಿಲ್ಲ, ನಾನು ಚೀಲ ಎತ್ತಿಕೊಂಡೆ.